ಬೋಳು ಗೆರೆಯ ಚಕ್ಕುಲಿ

ಕುಸುಮಾಗೆ ಠಾಣೆಯಲ್ಲಿ ಕಂಪ್ಯೂಟರು ಸಿಕ್ಕಿದ್ದು ಬಸುರಿನ ದೆಸೆಯಿಂದ. ಹನ್ನೆರಡು ವರ್ಷದ ಹಿಂದೆ ಮಗಳು ಲಾವಣ್ಯಾ ಹೊಟ್ಟೆಯಲ್ಲಿದ್ದಾಗ, ಆಗಿನ ಇನ್‌ಸ್ಪೆಕ್ಟರು ಅವಳನ್ನು ಬಂದೋಬಸ್ತಿನಿಂದ ಬಿಡಿಸಿ, ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿದ್ದ ಯಂತ್ರವನ್ನು ತೋರಿಸಿ, "ಕೂತ್ಕೊಂಡು ಮಾಡೋ ಕೆಲಸ ಕಣಮ್ಮ, ಆರಾಮಾಗಿರು" ಎಂದಿದ್ದರು. ಗಂಡಸರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಟೈಪು ಮಾಡುವುದೆಂದರೆ ಅವರ ಲೆಕ್ಕದಲ್ಲಿ ಮುಸುರೆ ತಿಕ್ಕಿದ ಹಾಗೆ. ಎಷ್ಟು ಮಾಡಿದರೂ ಮಾಡಿದ್ದು ಕಾಣುವುದಿಲ್ಲ, ಒಂದು ದಿನ ಬಿಟ್ಟರೆ ಊರಿಗೆಲ್ಲ ಕಾಣುತ್ತದೆ.

ಆಮೇಲೆ ಕಾಲ ತಿರುಗಿತು. ದೂರು, ಮಹಜರು, ಜಪ್ತಿಯಾದ ಮಾಲು, ಆರೋಪಪಟ್ಟಿ ಎಲ್ಲವೂ ಆ ಯಂತ್ರದೊಳಗೆ ಹೊಕ್ಕೇ ಕೋರ್ಟಿಗೆ ಹೋಗಬೇಕು ಎಂದಾಯಿತು. ಕುಸುಮಾ ಈಗ ಹೆಡ್ ಕಾನ್‌ಸ್ಟೇಬಲ್. ಅವಳು ಒಂದು ದಿನ ರಜೆ ಹಾಕಿದರೆ, ಚಾಮರಾಜಪೇಟೆ ಮಗ್ಗುಲಿನ ಆ ಇಡೀ ಠಾಣೆ, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುವ ಗಂಡನ ಹಾಗೆ ಗಂಟೆಗೆ ನಾಲ್ಕು ಸಲ ಫೋನು ಮಾಡುತ್ತದೆ.

ಆ ಗಂಡನೂ ಇದ್ದಾನೆ. ಹೆಸರು ಯೋಗಾನಂದ, ಕಾಟನ್‌ಪೇಟೆಯಲ್ಲಿ ಬ್ಯಾಗಿನ ಸಗಟು ಅಂಗಡಿ. ಗವೀಪುರದ ಮನೆಯಲ್ಲಿ ಕುಸುಮಾ ಐದಕ್ಕೆದ್ದು ನೀರು ಹಿಡಿದು, ತಿಂಡಿ ಮಾಡಿ, ಮೂರು ಡಬ್ಬಿ ಕಟ್ಟಿ, ಬಟ್ಟೆ ಮೆಷಿನ್ನಿಗೆ ಹಾಕಿ, ಒಣಗಿಸಿ, ಒಂಬತ್ತಕ್ಕೆ ಯೂನಿಫಾರಂ ತೊಟ್ಟು ಹೊರಡುವಾಗ ಅವನು, "ನಿನಗೇನು ಬಿಡು, ಫ್ಯಾನ್ ಕೆಳಗೆ ಕೂತು ಮಾಡೋ ಕೆಲಸ" ಎನ್ನುವುದುಂಟು.

"ಹೂಂ ರೀ, ಅಲ್ಲೇ ಸ್ವಲ್ಪ ಕೂರೋಕೆ ಸಿಗೋದು" ಎಂದು ಅವಳೂ ಬಿಡುವುದಿಲ್ಲ.

ಶ್ರಾವಣದ ಒಂದು ಸೋಮವಾರ ಅವಳು ಠಾಣೆಗೆ ಬಂದಾಗ ಅಂಗಳದಲ್ಲಿ ಏಳು ಗೋಣಿಚೀಲ ನಿಂತಿದ್ದವು. ಪಿಎಸ್‌ಐ ಪ್ರಸನ್ನ ಅವುಗಳ ಮುಂದೆ, ಹುಲಿ ಹೊಡೆದವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದ. ಅಕ್ಕಿಪೇಟೆಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಗುಜರಿ ವ್ಯಾಪಾರಿಯ ಗೋದಾಮು ಹುಡುಕಿ, ಎರಡು ವರ್ಷದಿಂದ ಸುತ್ತಲಿನ ಮನೆಗಳಲ್ಲಿ ಕಳುವಾದ ಪಾತ್ರೆಗಳನ್ನು ಹಿಡಿದಿದ್ದರು. ಹಳೇ ಹಿತ್ತಾಳೆಗೆ ಈಗ ವಿಪರೀತ ಬೇಡಿಕೆ. ಕಾಫಿ ಹೋಟೆಲುಗಳ ಗೋಡೆಗೆ ಅಲಂಕಾರಕ್ಕೆ ಬೇಕಂತೆ.

"ಕುಸುಮಾ ಮೇಡಂ, ಬೇಗ ಎಂಟ್ರಿ ಹಾಕ್ಬಿಡಿ. ಶುಕ್ರವಾರ ಕೋರ್ಟು" ಎಂದು ಪ್ರಸನ್ನ ಮಹಜರಿನ ಹಾಳೆ ಕೊಟ್ಟ. ಅವಳಿಗಿಂತ ಎಂಟು ವರ್ಷ ಚಿಕ್ಕವನು, ಒಳ್ಳೆಯವನು, ಆತುರಗಾರ.

ಹಾಳೆಯಲ್ಲಿ ಬರೆದಿತ್ತು: ಹಳೆಯ ಹಿತ್ತಾಳೆ ಪಾತ್ರೆಗಳು, ಸಣ್ಣವು ಮತ್ತು ದೊಡ್ಡವು, ಒಟ್ಟು 143.

"ಸರ್, ಇದೇನಿದು?"

"ಪಾತ್ರೆ."

"ನೂರಾ ನಲವತ್ಮೂರು ಬೈಕ್ ಸಿಕ್ಕಿದ್ರೆ 'ಗಾಡಿಗಳು, ಸಣ್ಣವು ಮತ್ತು ದೊಡ್ಡವು' ಅಂತ ಬರೀತಿದ್ರಾ? ಬಣ್ಣ, ಕಂಪನಿ, ಇಂಜಿನ್ ನಂಬರ್ ಎಲ್ಲಾ ಬರೀತಿದ್ರಿ ತಾನೇ?"

"ಪಾತ್ರೆಗೆ ಇಂಜಿನ್ ನಂಬರ್ ಎಲ್ಲಿರುತ್ತೆ ಮೇಡಂ?"

ಕುಸುಮಾ ಒಂದು ತಪ್ಪಲೆ ಎತ್ತಿ ಮಗುಚಿದಳು. ಕಿಲುಬಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಿದ್ದವು. ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದಾಗ ಓದಲು ಬಂತು: ಶಕುಂತಲ, 12-5-81.

"ಇಲ್ಲಿರುತ್ತೆ" ಎಂದಳು.

ಮದುವೆಯಲ್ಲಿ, ಸೀಮಂತದಲ್ಲಿ ತವರಿನವರು ಕೊಡುವ ಪಾತ್ರೆಗೆ ಅಂಗಡಿಯಲ್ಲೇ ಹೆಸರು ಹಾಕಿಸಿಕೊಡುವುದು ಈ ಪೇಟೆಗಳ ರೂಢಿ. ಮನೆ ಗಂಡನ ಹೆಸರಲ್ಲಿರುತ್ತದೆ, ಗ್ಯಾಸು ಮಾವನ ಹೆಸರಲ್ಲಿ, ಕರೆಂಟು ಬಿಲ್ಲು ಸತ್ತುಹೋದ ಅಜ್ಜನ ಹೆಸರಲ್ಲಿ. ಹೆಂಗಸಿನ ಹೆಸರಿರುವುದು ತಪ್ಪಲೆಯ ತಳದಲ್ಲಿ ಮಾತ್ರ. ಅದನ್ನೂ ದಿನಾ ಅವಳೇ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಸವೆಸಬೇಕು.

ಸೋಮವಾರವೆಲ್ಲ ಕುಸುಮಾ ಅಂಗಳದಲ್ಲೇ ಕಳೆದಳು. ಠಾಣೆ ಗುಡಿಸುವ ಮುನಿಯಕ್ಕ ಒಂದೊಂದನ್ನೇ ಮಗುಚಿ ಹಿಡಿದಳು, ಕುಸುಮಾ ಫೋಟೋ ತೆಗೆದು ನಮೂದು ಮಾಡಿದಳು. ಚೊಂಬು, ಗಿಂಡಿ, ಬೋಗುಣಿ, ಕೊಳಗ, ಗಂಗಾಳ, ಜಾಲರಿ. ಮುನಿಯಕ್ಕ ಒಮ್ಮೆ ಹುಣಸೆಹಣ್ಣು ತರಲು ಹೊರಟಿದ್ದಳು. "ಬೆಳಗಿಬಿಟ್ರೆ ಹೆಸರು ಚೆನ್ನಾಗಿ ಕಾಣಲ್ವಾ?" ಎಂದಳು. ಪ್ರಸನ್ನ ಹೌಹಾರಿ ಓಡಿಬಂದು ತಡೆದ.

ಹೆಸರು ಸಿಕ್ಕಿತು, ಜನ ಸಿಗಲಿಲ್ಲ. ಸಿಸ್ಟಮ್ಮಿನಲ್ಲಿ 'ಶಕುಂತಲ' ಎಂದು ಹುಡುಕಿದರೆ ಆ ಹೆಸರಿನ ದೂರುದಾರರೇ ಇರಲಿಲ್ಲ. ಯಾಕಿಲ್ಲ ಎಂದು ಕುಸುಮಾಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮನೆಗಳ್ಳತನದ ದೂರು ಕೊಡುವುದು ಯಜಮಾನರು. ಅವರು ಟಿವಿಯ ಅಂಗುಲ ಹೇಳುತ್ತಾರೆ, ವಾಚಿನ ಕಂಪನಿ ಹೇಳುತ್ತಾರೆ. ಅಡುಗೆಮನೆಯಿಂದ ಹೋಗಿದ್ದಕ್ಕೆಲ್ಲ ಸೇರಿ ಪಟ್ಟಿಯ ಕೊನೆಗೆ ಒಂದು ಸಾಲು: 'ಇತರೆ ಮನೆ ಸಾಮಾನು'. ಅವಳು ಈಗ ಆ ಸಾಲನ್ನೇ ಹುಡುಕಿದಳು. ಎರಡು ವರ್ಷದಲ್ಲಿ ಇಪ್ಪತ್ತಮೂರು ದೂರು ಬಂದವು. ಒಂದೊಂದಕ್ಕೂ ಫೋನು ಮಾಡಿ, ಏನನ್ನೂ ತೋರಿಸದೆ, ನಿಮ್ಮದು ಹೇಗಿತ್ತು ಹೇಳಿ ಎಂದು ಮೊದಲು ಹೇಳಿಕೆ ಬರೆದುಕೊಂಡಳು. ನೋಡಿದ ಮೇಲೆ ಹೇಳಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಮೊದಲನೆಯ ಯಜಮಾನರು ಹೇಳಿದರು, "ಹಿತ್ತಾಳೆದು. ದುಂಡಗಿತ್ತು."

"ಎಷ್ಟು ದೊಡ್ಡದು ಸರ್?"

"ಅದರಲ್ಲಿ ಪಾಯಸ ಮಾಡ್ತಿದ್ರು."

"ಎಷ್ಟು ಜನಕ್ಕೆ ಆಗೋಷ್ಟು?"

ಆ ಕಡೆ ಬಹಳ ಯೋಚನೆ ನಡೆಯಿತು. "ನನಗೆ ಸಾಕಾಗ್ತಿತ್ತು."

"ಸ್ವಲ್ಪ ಮನೇಲಿ ಅಮ್ಮನ ಕೈಗೆ ಫೋನ್ ಕೊಡ್ತೀರಾ ಸರ್?"

ಅಮ್ಮನೇ ಆ ಶಕುಂತಲಮ್ಮ. "ಎರಡು ಸೇರಿನ ತಪ್ಪಲೆ ಕಣಮ್ಮ. ಕಂಠದ ಕೆಳಗೆ ಒಂದು ತಗ್ಗಿದೆ, ಹೆಬ್ಬೆರಳು ಸರಿಯಾಗಿ ಕೂರತ್ತೆ. ನನ್ನ ಎರಡನೇ ಬಾಣಂತನದಲ್ಲಿ ನಮ್ಮತ್ತೆ ಕೈಯಿಂದ ಬಿದ್ದಿದ್ದು. ಬೈಸ್ಕೊಂಡಿದ್ದು ಮಾತ್ರ ನಾನು."

ಕುಸುಮಾ ಎದ್ದು ಹೋಗಿ ತಪ್ಪಲೆಯ ಕಂಠದ ಕೆಳಗೆ ಹೆಬ್ಬೆರಳಿಟ್ಟಳು. ಸರಿಯಾಗಿ ಕೂತಿತು.

ಮಂಗಳವಾರ ಸಂಜೆಯ ಹೊತ್ತಿಗೆ ನೂರಾ ಇಪ್ಪತ್ತನಾಲ್ಕಕ್ಕೆ ಒಡತಿಯರು ಸಿಕ್ಕಿದ್ದರು. ಯಾವುದರ ಹಿಡಿ ಎಡಕ್ಕೆ ವಾಲಿದೆ, ಯಾವುದರ ತಳ ನೆಲದ ಮೇಲೆ ಕುಣಿಯುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಪ್ರಸನ್ನ ಪಟ್ಟಿ ನೋಡಿ, "ನಮ್ಮ ಬೆರಳಚ್ಚು ತಜ್ಞರಿಗಿಂತ ಇವರೇ ವಾಸಿ" ಎಂದ.

"ನಲವತ್ತು ವರ್ಷ ದಿನಾ ಎರಡು ಸಲ ತೊಳೀರಿ ಸರ್, ನಿಮಗೂ ಬರುತ್ತೆ."

ಬುಧವಾರ ಬೆಳಿಗ್ಗೆ ಎಡವಟ್ಟಾಯಿತು.

ಇನ್ನೂ ಮಾತಾಡಬೇಕಿದ್ದವರಲ್ಲಿ ಚಾಮರಾಜಪೇಟೆ ಮೂರನೇ ಕ್ರಾಸಿನ ಮಲ್ಲಿಕಾರ್ಜುನಯ್ಯನವರ ಮನೆಯೂ ಒಂದು. ನಿವೃತ್ತ ಗುಮಾಸ್ತರು. ಫೋನು ಎತ್ತಿದವರು ಅವರೇ. ಹೆಂಡತಿಗೆ ಕೊಡಿ ಎಂದರೆ, "ಅಡುಗೆಮನೇಲಿದಾಳೆ, ನಾನೇ ಹೇಳ್ತೀನಿ" ಎಂದು ಇಟ್ಟುಬಿಟ್ಟರು. ಏನು ಹೇಳಿದರೋ, ಅರ್ಧ ಗಂಟೆಗೆ ಅವರ ಹೆಂಡತಿ ದಾಕ್ಷಾಯಣಮ್ಮ ಆಟೋ ಇಳಿದು, ಯಾರನ್ನೂ ಕೇಳದೆ, ಅಂಗಳದಲ್ಲಿ ಉಳಿದಿದ್ದ ಹತ್ತೊಂಬತ್ತು ಪಾತ್ರೆಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಚಕ್ಕುಲಿ ಒರಳನ್ನು ಎತ್ತಿಕೊಂಡು ಸೆರಗಿನಿಂದ ಒರೆಸತೊಡಗಿದರು.

"ಅಯ್ಯೋ ನನ್ನವ್ವ, ಎಲ್ಲಿ ಹೋಗಿದ್ದೆ" ಎಂದು ಅದನ್ನೇ ಮಾತಾಡಿಸುತ್ತಿದ್ದರು.

ಪ್ರಸನ್ನ ಮೇಲೆ ತೋರಿಸಿದ. ಅಂಗಳದ ಕಂಬಕ್ಕೆ ಕ್ಯಾಮೆರಾ ಇತ್ತು. "ಮುಗೀತು. ಈಗ ಇವರು ಏನ್ ಹೇಳಿದ್ರೂ, ನೋಡ್ಕೊಂಡು ಹೇಳಿದ್ರು ಅಂತಾರೆ ಆ ಲಾಯರು."

ಲಾಯರು ಎಂದರೆ ಗುಜರಿ ವ್ಯಾಪಾರಿಯ ಲಾಯರು. ಒಡೆಯರು ಸಿಕ್ಕ ಪಾತ್ರೆಗಳ ಆಸೆಯನ್ನು ಅವನು ಬಿಟ್ಟಿದ್ದ. ಕಳ್ಳತನದ್ದೆಂದು ತನ್ನ ಕಕ್ಷಿದಾರನಿಗೆ ಗೊತ್ತಿರಲಿಲ್ಲ, ತೂಕದ ಲೆಕ್ಕದಲ್ಲಿ ಕೊಂಡಿದ್ದು ಎಂದಿದ್ದ. ಯಾರ ದೂರಿಗೂ ಹೊಂದದ್ದನ್ನು ವಾಪಸು ಕೊಡಿ ಎಂದು ಅರ್ಜಿ ಹಾಕಿದ್ದ. ಶುಕ್ರವಾರ ಅದರ ವಿಚಾರಣೆ. ಒರಳಿನ ಮೇಲೆ ಹೆಸರೂ ಇರಲಿಲ್ಲ. ಇದ್ದದ್ದು ಸವೆದು ನುಣ್ಣಗಾಗಿತ್ತು.

ಕುಸುಮಾ ಹಳೆಯ ದೂರನ್ನು ತೆರೆದಳು. ಎಂಟು ತಿಂಗಳ ಹಿಂದಿನದು. ದಂಪತಿ ತುಮಕೂರಿಗೆ ಮದುವೆಗೆ ಹೋಗಿದ್ದಾಗ ಬೀಗ ಒಡೆದಿದ್ದರು. ಟಿವಿ ಒಂದು, ಕೈಗಡಿಯಾರ ಒಂದು, ನಿವೃತ್ತಿಯಲ್ಲಿ ಸಹೋದ್ಯೋಗಿಗಳು ಕೊಟ್ಟ ಗೋಡೆ ಗಡಿಯಾರ ಒಂದು, ಇತರೆ ಮನೆ ಸಾಮಾನು. ಕೆಳಗೆ, ನಮೂದಿಸಿದವರು: ಕುಸುಮಾ.

ಆ ಸಂಜೆ ಅವಳಿಗೆ ಚೆನ್ನಾಗಿ ನೆನಪಿತ್ತು. ಏಳು ಗಂಟೆ ಆಗಿತ್ತು. ಮನೆಗೆ ಯೋಗಾನಂದನ ಕಡೆಯ ನೆಂಟರು ಬರುವವರಿದ್ದರು, ಇನ್ನೂ ಕಾಳು ಬೇಯಿಸಿರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಈ ಹೆಂಗಸು ಎರಡು ಸಲ, "ಅದೂ, ನಂದೊಂದು..." ಎಂದು ಬಾಯಿ ತೆರೆದಿದ್ದರು. ಪರದೆಯಿಂದ ಕಣ್ಣು ತೆಗೆಯದೆ ಕುಸುಮಾ, "ಯಜಮಾನ್ರು ಹೇಳ್ತಿದಾರಲ್ಲ ಅಮ್ಮ" ಎಂದಿದ್ದಳು. 'ಇತರೆ' ಒತ್ತಿದರೆ ಉಳಿದ ಏಳು ಕಾಲಂ ತುಂಬುವುದು ತಪ್ಪುತ್ತಿತ್ತು.

ಈಗ ಅವಳು ದಾಕ್ಷಾಯಣಮ್ಮನಿಗೆ ಕುರ್ಚಿ ಹಾಕಿ ಎದುರು ಕೂತಳು. "ಅಮ್ಮ, ಅವತ್ತು ನಾನು ಕೇಳಬೇಕಿತ್ತು, ಕೇಳಲಿಲ್ಲ. ಈಗ ಹೇಳಿ."

"ಏನ್ ಹೇಳ್ಲಿ ತಾಯಿ? ನಮ್ಮವ್ವನ ಒರಳು. ಮೂವತ್ತೈದು ವರ್ಷದಿಂದ ಬಸವನಗುಡಿ, ಚಾಮರಾಜಪೇಟೆ ಮನೆಗಳಿಗೆ ಚಕ್ಕುಲಿ ಮಾಡಿ ಕೊಡ್ತಿದೀನಿ. ಗೋಕುಲಾಷ್ಟಮಿಗೆ ಅಂದ್ರೆ ಹನ್ನೊಂದು ಮನೆ. ಇದು ಹೋದ ಮೇಲೆ ಸ್ಟೀಲಿಂದು ತಂದೆ. ಗಟ್ಟಿ ಹಿಟ್ಟಿಗೆ ಅದರ ತಿರುಪು ಜಾರತ್ತೆ, ಮೆತ್ತಗೆ ಮಾಡಿದ್ರೆ ಚಕ್ಕುಲಿ ಎಣ್ಣೆ ಕುಡಿಯತ್ತೆ. ಯುಗಾದಿಗೆ ಕೊಟ್ಟಿದ್ದನ್ನ ಮೂರು ಮನೆಯವರು ಬಾಯಿಗಿಟ್ಟು ಸುಮ್ಮನಾದ್ರು. ಬೈದಿದ್ರೆ ವಾಸಿ ಇತ್ತು. ಈ ಸಲ ಇನ್ನೂ ಯಾರಿಗೂ ಹೂಂ ಅಂದಿಲ್ಲ. ಭಾನುವಾರ ಹಬ್ಬ."

ಹಿಂದೆಯೇ ಬಂದಿದ್ದ ಮಲ್ಲಿಕಾರ್ಜುನಯ್ಯನವರು ಬಾಗಿಲಲ್ಲಿ ನಿಂತಿದ್ದರು. "ಇಷ್ಟೊಂದಿದೆ ಅಂತ ನೀನು ನನಗೆ ಹೇಳಲೇ ಇಲ್ವಲ್ಲೇ."

"ಮೂವತ್ತೈದು ವರ್ಷ ನಡುಮನೇಲಿ ಕೂತು ತಿಂದ್ರಿ. ಎಲ್ಲಿಂದ ಬರತ್ತೆ ಅಂದ್ಕೊಂಡಿದ್ರಿ? ನಲ್ಲೀಲಿ?"

ಕುಸುಮಾ ನಗು ತಡೆದುಕೊಂಡು ಕೇಳಿದಳು, "ಇದು ನಿಮ್ಮದೇ ಅನ್ನೋಕೆ ಏನಾದ್ರೂ ಗುರುತು?"

"ಬಿಲ್ಲೆ" ಎಂದರು. ಹಿಟ್ಟು ಇಳಿಯುವ ಆ ನಕ್ಷತ್ರದ ಬಿಲ್ಲೆಗೆ ಐದು ಮೊನೆ. ಅವ್ವನ ಕಾಲದಲ್ಲಿ ಒಂದು ಕಡೆ ಸೀಳಿತ್ತು, ಬೆಸುಗೆ ಹಾಕಿಸಿದಾಗ ಒಂದು ಮೊನೆ ಮುಚ್ಚಿಹೋಯಿತು. ಅಂದಿನಿಂದ ಈ ಒರಳಿನ ಚಕ್ಕುಲಿಗೆ ಸುತ್ತ ಮುಳ್ಳು, ಒಂದು ಕಡೆ ಮಾತ್ರ ನುಣ್ಣನೆಯ ಗೆರೆ. "ಬೋಳು ಗೆರೆ ಚಕ್ಕುಲಿ ಅಂತಲೇ ಹೆಸರು. ಬೇರೆಯವರದು ಕೊಟ್ರೆ ಮಕ್ಕಳು ಕಂಡುಹಿಡೀತವೆ."

ಪ್ರಸನ್ನ ತಲೆಯಾಡಿಸಿದ. "ಸರಿ ಅಮ್ಮ. ಆದ್ರೆ ಬಿಲ್ಲೆ ಈಗ ನೋಡಿದ್ರಿ, ಕಥೆ ಈಗ ಹೇಳಿದ್ರಿ. ಹಳೇದು ಏನಾದ್ರೂ ಬೇಕು."

"ಹಳೇ ಚಕ್ಕುಲಿ ಒಂದಾದ್ರೂ ಇದ್ಯಾ?" ಎಂದಳು ಕುಸುಮಾ.

ದಾಕ್ಷಾಯಣಮ್ಮ ಅವಳನ್ನು ಕನಿಕರದಿಂದ ನೋಡಿದರು. "ಎಂಟು ತಿಂಗಳು ಉಳಿಯತ್ತೆ ಅಂದ್ರೆ ಅದು ಚಕ್ಕುಲಿ ಅಲ್ಲ ತಾಯಿ."

ತಿಂದದ್ದು ತಿಂದಾಗಿದೆ. ಆದರೆ ಈ ಕಾಲದಲ್ಲಿ ತಿನ್ನುವ ಮುಂಚೆ ಜನ ಇನ್ನೊಂದು ಕೆಲಸ ಮಾಡುತ್ತಾರೆ ಎಂದು ಕುಸುಮಾಗೆ ಹೊಳೆದದ್ದು ಆಗ. "ಅಮ್ಮ, ನಿಮ್ಮ ಹನ್ನೊಂದು ಮನೇಲಿ ಎಲ್ಲಕ್ಕೂ ಫೋಟೋ ಹೊಡ್ಯೋರು ಯಾರು?"

"ಪ್ರತಿಭಾ!" ಎಂದರು ಗಂಡ ಹೆಂಡತಿ ಒಟ್ಟಿಗೆ.

ಪ್ರತಿಭಾ ಅವರ ಮನೆ ಬಸವನಗುಡಿಯಲ್ಲಿ, ಕಹಳೆ ಬಂಡೆಯ ಹಿಂದಿನ ರಸ್ತೆಯಲ್ಲಿ. ಐವತ್ತರ ಹತ್ತಿರದ ಉತ್ಸಾಹಿ ಹೆಂಗಸು. ಫೋನಿನಲ್ಲಿ ಹದಿನಾಲ್ಕು ಸಾವಿರ ಫೋಟೋ. ಕುಸುಮಾ ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತ ಒಂದೊಂದೇ ಸರಿಸಿದಳು. ಶುಭೋದಯದ ಗುಲಾಬಿಗಳು ದಾಟಿದವು. ಅಕ್ಕನ ಮಗಳ ಮದುವೆ ಮುಗಿಯುವಷ್ಟರಲ್ಲಿ ಬೆರಳು ಸೋತಿತು.

"ನಮ್ಮನೆಯವರು ಬೈತಾನೇ ಇರ್ತಾರೆ, ಯಾಕೆ ಇಷ್ಟು ಫೋಟೋ, ಡಿಲೀಟ್ ಮಾಡು ಅಂತ" ಎಂದರು ಪ್ರತಿಭಾ.

"ಮಾಡ್ಬೇಡಿ ಮೇಡಂ. ಕೇಸು ಮುಗಿಯೋವರೆಗಂತೂ ಮಾಡಲೇಬೇಡಿ."

ಎರಡು ವರ್ಷದ ಹಿಂದಿನ ಗೋಕುಲಾಷ್ಟಮಿ ಬಂತು. ಕೃಷ್ಣನ ಮುಂದೆ ಹರಿವಾಣದ ತುಂಬ ಚಕ್ಕುಲಿ. ಎರಡು ಬೆರಳಿಂದ ಹಿಗ್ಗಿಸಿದಾಗ ಮೇಲಿನ ಚಕ್ಕುಲಿಯ ಸುರುಳಿ ಪರದೆಯಷ್ಟು ದೊಡ್ಡದಾಯಿತು. ಮುಳ್ಳು, ಮುಳ್ಳು, ನಡುವೆ ಬೈತಲೆ ತೆಗೆದ ಹಾಗೆ ಒಂದು ಬೋಳು ಗೆರೆ. ತಾರೀಖು, ಗಂಟೆ, ನಿಮಿಷ ಎಲ್ಲ ಫೋಟೋದ ಜೊತೆಗೇ ಇತ್ತು.

ಹಾಗೆಂದು ಫೋಟೋವನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಕೋರ್ಟಿಗೆ ತೋರಿಸಲು ಬರುವುದಿಲ್ಲ. ಆ ಫೋನಿನಿಂದಲೇ ಅದನ್ನು ತೆಗೆದು, ಫೈಲಿನ ಬೆರಳಚ್ಚು ಎನ್ನಬಹುದಾದ ಒಂದು ಉದ್ದನೆಯ ಸಂಖ್ಯೆ ಬರೆದು, ಒಂದು ಚುಕ್ಕಿಯನ್ನೂ ತಿದ್ದಿಲ್ಲವೆಂದು ಫೋನಿನ ಒಡತಿ ಪ್ರಮಾಣಪತ್ರ ಕೊಡಬೇಕು. ಕುಸುಮಾ ಆ ಸಂಖ್ಯೆಯನ್ನು ಎರಡು ಸಲ ಓದಿ ತಾಳೆ ನೋಡಿದಳು. ಪ್ರತಿಭಾ ಸಹಿ ಹಾಕಿ, "ನನ್ನ ಫೋಟೋ ಕೋರ್ಟಿಗೆ ಹೋಗ್ತಿದೆ ಅಂತ ಗ್ರೂಪಲ್ಲಿ ಹಾಕ್ಲಾ?" ಎಂದರು.

"ಶುಕ್ರವಾರ ಸಾಯಂಕಾಲ ಹಾಕಿ."

ಇನ್ನು ಉಳಿದದ್ದು, ಜಪ್ತಿಯಾದ ಒರಳು ಅದೇ ಗೆರೆ ಹಾಕುತ್ತದೆಂದು ತೋರಿಸುವುದು. ಗುರುವಾರ ಮಧ್ಯಾಹ್ನ ಠಾಣೆಯ ಮೇಜಿನ ಮೇಲೆ ಬಾಳೆಲೆ ಹಾಸಿದರು. ಪಂಚರಾಗಿ ಎದುರಿನ ಝೆರಾಕ್ಸ್ ಅಂಗಡಿಯವರೂ ಮೂಲೆಯ ಔಷಧಿ ಅಂಗಡಿಯವರೂ ಬಂದರು. ಕುಸುಮಾ ವಿಡಿಯೋಗೆ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಹಿಟ್ಟು ದಾಕ್ಷಾಯಣಮ್ಮನ ಮನೆಯದು. ಆದರೆ ಒರಳನ್ನು ಅವರು ಮುಟ್ಟುವ ಹಾಗಿಲ್ಲ, ಒತ್ತಬೇಕಾದ್ದು ಪೊಲೀಸಿನವರು. ಪ್ರಸನ್ನ ತೋಳು ಮಡಚಿದ.

ಮೊದಲು ಮುನಿಯಕ್ಕನ ಮನೆಯಿಂದ ತಂದ ಒರಳು. ಅದರಲ್ಲಿ ಹೇಗೋ ಒಂದು ಸುತ್ತು ಬಂತು, ಸುತ್ತ ಮುಳ್ಳು. ಆಮೇಲೆ ಜಪ್ತಿಯ ಒರಳು. ಪ್ರಸನ್ನನ ಮುಖ ಕೆಂಪಾಯಿತು, ಕತ್ತಿನ ನರ ಎದ್ದವು. ಹಿಟ್ಟು ಮಾತ್ರ ಇಳಿಯಲಿಲ್ಲ.

"ಏನ್ ಸಾರ್, ಕಳ್ಳರನ್ನೂ ಹಿಂಗೇ ಹಿಡ್ಯೋದಾ?" ಎಂದಳು ಮುನಿಯಕ್ಕ.

"ಇದೇನಮ್ಮ, ಹಿಟ್ಟಾ ಸಿಮೆಂಟಾ?"

"ಕೈಯಿಂದ ಅಲ್ಲಪ್ಪ, ಸೊಂಟದಿಂದ ಒತ್ತಬೇಕು. ಮೈಭಾರ ಬಿಡು" ಎಂದರು ದಾಕ್ಷಾಯಣಮ್ಮ, ಆತುರದಲ್ಲಿ ಬಹುವಚನ ಮರೆತು. "ಹಬ್ಬಕ್ಕೆ ಹತ್ತು ಸೇರು ಹಿಟ್ಟು ಒತ್ತೋಳು ನಾನು. ಅರವತ್ತೆರಡು ವರ್ಷ ನನಗೆ."

ಮಲ್ಲಿಕಾರ್ಜುನಯ್ಯನವರು ಹೆಂಡತಿಯ ತೋಳನ್ನು ಅದೇ ಮೊದಲ ಸಲ ನೋಡುವವರಂತೆ ನೋಡಿದರು.

ಪ್ರಸನ್ನ ಮೈಭಾರ ಬಿಟ್ಟ. ಹಿಟ್ಟಿನ ಎಳೆ ಇಳಿಯಿತು, ಬಾಳೆಲೆಯ ಮೇಲೆ ವಕ್ರವಾಗಿ, ಕುಡಿದವನ ರಂಗೋಲಿಯ ಹಾಗೆ ಸುತ್ತಿಕೊಂಡಿತು. ಆದರೆ ಅದರ ಮೈಮೇಲೆ ಉದ್ದಕ್ಕೂ ಬೋಳು ಗೆರೆ. ಕುಸುಮಾ ಅದನ್ನೂ ಪ್ರತಿಭಾ ಅವರ ಫೋಟೋವನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ಔಷಧಿ ಅಂಗಡಿಯವರು ಬಗ್ಗಿ, "ಇದನ್ನ ಈಗ ಕರೀತೀರಾ?" ಎಂದರು.

"ಸಾಕ್ಷ್ಯ ತಿನ್ನಬಾರದು ಕಣ್ರೀ" ಎಂದ ಪ್ರಸನ್ನ, ಬೆವರು ಒರೆಸಿಕೊಳ್ಳುತ್ತ.

ಸಂಜೆ ವರದಿ ಟೈಪು ಮಾಡುವಾಗ ಕುಸುಮಾ ಒಂದು ಸಾಲಿನ ಹತ್ತಿರ ನಿಂತಳು. ಮೊದಲ ದೂರಿನಲ್ಲಿ ಒರಳು ಯಾಕಿಲ್ಲ ಎಂದು ಕೋರ್ಟು ಕೇಳಿಯೇ ಕೇಳುತ್ತದೆ. ದೂರುದಾರರು ಹೇಳಲಿಲ್ಲ ಎಂದು ಬರೆದರೆ ಮುಗಿಯಿತು. ಅದು ಸುಳ್ಳೂ ಅಲ್ಲ. ಅವಳು ಬರೆದಳು: 'ದೂರುದಾರರ ಪತ್ನಿ ಅಂದು ಹಾಜರಿದ್ದು, ಹೇಳಲು ಮುಂದಾದರೂ, ನಾನು ಅವರನ್ನು ವಿಚಾರಿಸದೆ ಇತರೆ ಎಂದು ನಮೂದಿಸಿರುತ್ತೇನೆ.'

ಪ್ರಸನ್ನ ಓದಿ ಬೆಚ್ಚಿದ. "ಮೇಡಂ, ಮೆಮೊ ಬರುತ್ತೆ ನಿಮಗೆ."

"ಬರ್ಲಿ ಸರ್. ಉತ್ತರ ಟೈಪ್ ಮಾಡೋಳೂ ನಾನೇ ತಾನೇ?"

ಅದೇ ಹೊತ್ತಿಗೆ ಯೋಗಾನಂದನ ಫೋನು. "ಎಷ್ಟೊತ್ತಿಗೆ ಬರ್ತೀಯ? ಅನ್ನಕ್ಕೆ ಎಷ್ಟು ನೀರು?"

"ಒಂದಕ್ಕೆ ಎರಡೂವರೆ."

"ಅಕ್ಕಿ ಎಲ್ಲಿದೆ?"

"ಹುಡುಕ್ರಿ. ನಮ್ಮ ಸರ್ ಏಳು ಚೀಲ ಹಿತ್ತಾಳೆ ಹುಡುಕಿದಾರೆ. ನಿಮಗೆ ಒಂದು ಡಬ್ಬಿ ಸಿಗಲ್ವಾ?" ಎಂದು ಇಟ್ಟಳು. ಅರ್ಧ ಗಂಟೆಗೆ ಕುಕ್ಕರಿನ ಫೋಟೋ ಬಂತು, ಗೆದ್ದ ಕಪ್ಪಿನ ಹಾಗೆ ಎತ್ತಿ ಹಿಡಿದದ್ದು.

ಶುಕ್ರವಾರ ಲಾಯರು ಎದ್ದು ನಿಂತು, ಒಡತಿಯರು ಸಿಕ್ಕ ಬೇರೆ ಪಾತ್ರೆಗಳ ಬಗ್ಗೆ ತಕರಾರಿಲ್ಲ, ಆದರೆ ಈ ಒರಳು ದೂರಿನಲ್ಲೇ ಇಲ್ಲ, ಆಕೆ ಠಾಣೆಯಲ್ಲಿ ಕೈಗೆತ್ತಿಕೊಂಡು ನೋಡಿದ್ದು ಕ್ಯಾಮೆರಾದಲ್ಲಿದೆ, ಬೆಸುಗೆಯ ಕಥೆ ಆಮೇಲೆ ಹುಟ್ಟಿದ್ದು ಎಂದ. ಮ್ಯಾಜಿಸ್ಟ್ರೇಟರು ವರದಿಯನ್ನೂ ಎರಡು ಫೋಟೋಗಳನ್ನೂ ನಿಧಾನವಾಗಿ ನೋಡಿದರು. ವಿಡಿಯೋದಲ್ಲಿ ಪ್ರಸನ್ನ ಒತ್ತುವ ಭಾಗವನ್ನು ಎರಡು ಸಲ ನೋಡಿದರು. ಎರಡನೆಯ ಸಲ ಅಗತ್ಯವಿತ್ತೋ ಇಲ್ಲವೋ ಹೇಳಲಾಗದು.

"ದೂರು ನಮೂದಿಸಿದವರು ಯಾರು?"

ಕುಸುಮಾ ಮುಂದೆ ಬಂದಳು. "ನಾನೇ ಸರ್."

"ಇದನ್ನ ನೀವೇ ಬರ್ದಿರೋದಾ?"

"ಹೌದು ಸರ್. ಅಮ್ಮ ಪಕ್ಕದಲ್ಲೇ ಕೂತಿದ್ರು. ನಾನು ಕೇಳಲಿಲ್ಲ."

ಅವರು ಕನ್ನಡಕದ ಮೇಲಿಂದ ಅವಳನ್ನು ಒಂದು ಕ್ಷಣ ನೋಡಿದರು. "ಇನ್ಮೇಲೆ ಕೇಳಿ" ಎಂದು ಲಾಯರಿನ ಕಡೆ ತಿರುಗಿದರು. "ಆಕೆ ಒರಳು ನೋಡಿದ್ದು ಬುಧವಾರ. ಫೋಟೋ ಎರಡು ವರ್ಷದ ಹಿಂದಿನದು. ನಿಮ್ಮ ಕಕ್ಷಿದಾರರ ಒರಳಾದ್ರೆ, ಎರಡು ವರ್ಷದ ಹಿಂದೆ ಅದು ಬಸವನಗುಡಿಗೆ ಚಕ್ಕುಲಿ ಮಾಡೋಕೆ ಯಾಕೆ ಹೋಗಿತ್ತು?"

ಲಾಯರು ಕಡತದಲ್ಲಿ ಏನನ್ನೋ ಹುಡುಕಿದ. ಅದು ಸಿಗಲಿಲ್ಲ.

ಒರಳನ್ನು ಒಡತಿಗೆ ಮುಚ್ಚಳಿಕೆ ಬರೆಸಿಕೊಂಡು ಕೊಡಬೇಕೆಂದು ಆದೇಶವಾಯಿತು. ಮಧ್ಯಾಹ್ನ ಕೋರ್ಟಿನ ಗುಮಾಸ್ತ ರಿಜಿಸ್ಟರನ್ನು ಅಭ್ಯಾಸಬಲದಿಂದ ಮಲ್ಲಿಕಾರ್ಜುನಯ್ಯನವರ ಕಡೆ ತಿರುಗಿಸಿ ಪೆನ್ನು ಕೊಟ್ಟ. ಅವರೂ ಅಭ್ಯಾಸಬಲದಿಂದ ಪೆನ್ನು ತೆಗೆದುಕೊಂಡರು. ಕುಸುಮಾ ಬಾಯಿ ತೆರೆಯುವ ಮೊದಲೇ ಅವರ ಕೈ ನಿಂತಿತು.

"ನಂದಲ್ಲ ಸ್ವಾಮಿ. ಇವಳದು" ಎಂದು ಪೆನ್ನನ್ನು ಹೆಂಡತಿಗೆ ದಾಟಿಸಿದರು.

ದಾಕ್ಷಾಯಣಮ್ಮ ಪೂರ್ತಿ ಹೆಸರು ಬರೆದರು, ಒಂದೊಂದು ಅಕ್ಷರವನ್ನೂ ಬಿಡಿಸಿ. ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತು ಒರಳನ್ನು ಬಿಚ್ಚಿದರು, ಬಿಲ್ಲೆಯನ್ನು ಬೆಳಕಿಗೆ ಹಿಡಿದರು, ಬೆಸುಗೆಯ ಮೇಲೆ ಬೆರಳಾಡಿಸಿದರು. ಎಲ್ಲ ಸರಿಯಾಗಿತ್ತು. ಆಮೇಲೆ ಸೊಂಟದಿಂದ ಬಟನ್ ಫೋನು ತೆಗೆದರು.

"ಪ್ರತಿಭಾ ಅವ್ರೇ, ನಾನು. ಹೂಂ, ಬಂತು. ಕೈಯಲ್ಲೇ ಇದೆ. ಮಾಡ್ತೀನಿ, ಯಾಕ್ ಮಾಡಲ್ಲ? ಎರಡು ದಿನ ಇದೆಯಲ್ಲ. ಎಷ್ಟು ಬೇಕು ಹೇಳಿ. ಇಲ್ಲ ಇಲ್ಲ, ಒಬ್ಬಳೇ ಅಲ್ಲ." ಫೋನಿನ ಬಾಯಿಗೆ ಕೈ ಮುಚ್ಚಿ ಗಂಡನ ಕಡೆ ತಿರುಗಿದರು. "ರೀ, ಇಲ್ಲೇ ನಿಂತ್ಕೊಂಡ್ರೆ ಆಗಲ್ಲ. ಹೋಗಿ ಅಕ್ಕಿ ತೊಳೆದು ನೆರಳಲ್ಲಿ ಹರವಿ. ಸಾಯಂಕಾಲ ಮಿಲ್ಲಿಗೆ ಹಾಕ್ಬೇಕು. ನಾಳೆ ಬೆಳಿಗ್ಗೆ ಒತ್ತೋಕೆ ಕೂರೋರು ನೀವು."

"ನನಗೆ ಬರುತ್ತಾ?"

"ಆ ಹುಡುಗ ಪಿಎಸ್‌ಐಗೇ ಬಂತು."

ಮಲ್ಲಿಕಾರ್ಜುನಯ್ಯನವರು ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು, ಕುಸುಮಾಳ ಹತ್ತಿರ ತಗ್ಗಿದ ದನಿಯಲ್ಲಿ ಕೇಳಿದರು.

"ಏನಮ್ಮ, ಅಕ್ಕಿನ ಎಷ್ಟು ಸಲ ತೊಳೀಬೇಕು?"